ಪರದೇಶದ ಉದ್ಯೋಗಕ್ಕೆ ಸ್ವವಿವರ: ಉದ್ಯಮಿಗಳ ಪಾಲಿನ ಹೊಣೆ

ಕೃಷ್ಣಾ, ಘಟಪ್ರಭಾ ನದಿಗಳ ಆಸರೆಯಲ್ಲಿರುವ ಮುಧೋಳ, ಜಮಖಂಡಿ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳು ಕಬ್ಬು, ಸಕ್ಕರೆ, ಬೆಲ್ಲ ಮತ್ತು ಸೀರೆಗಳಿಗೆ ಹೆಸರಾದ ಪ್ರದೇಶ. ಇಲ್ಲಿಯ ಸಕ್ಕರೆ ಕಾರ್ಖಾನೆ, ವರ್ಕ್‌ಶಾಪ್, ಮಗ್ಗದ ಶೆಡ್ಡು ಹಾಗೂ ಅಡತಿ ಅಂಗಡಿಗಳು ಸರಕಿನೊಂದಿಗೆ ಕಸುಬುದಾರರನ್ನೂ ಸಿದ್ಧಗೊಳಿಸುತ್ತ ಬಂದಿವೆ. ಫಿಟ್ಟರ್, ವೆಲ್ಡರ್, ಬಾಯ್ಲರ್ ನಡೆಸುವವ, ಪ್ಯಾನ್‌ಮನ್, ಮಗ್ಗದ ಜಾಬರ್, ಲೆಕ್ಕ ಬರೆಯುವ ದಿವಾನಜಿ ಇವರೆಲ್ಲರೂ ಶಾಲೆಯಲ್ಲಿ ಕಲಿತದ್ದಕ್ಕಿಂತ ದುಡಿಮೆಯ ಸ್ಥಳದಲ್ಲಿ ಕಲಿತದ್ದೇ ಹೆಚ್ಚು. ಆದರೆ ಇವರಲ್ಲೊಬ್ಬನು ಕೊಲ್ಲಿ ರಾಷ್ಟ್ರಕ್ಕೋ ಆಫ್ರಿಕಕ್ಕೋ ಉದ್ಯೋಗದ ಅರ್ಜಿ ಸಲ್ಲಿಸಲು ಮುಂದಾದಾಗ, ಹತ್ತು-ಹನ್ನೆರಡು ವರ್ಷಗಳ ದುಡಿಮೆಯು ಕಾಗದದ ಮೇಲೆ ಎರಡು ಸಾಲುಗಳಿಗೆ ಇಳಿದುಬಿಡುತ್ತದೆ. ಕಸುಬು ಕೈಯಲ್ಲಿದೆ, ಅದನ್ನು ಸ್ಥಿರಪಡಿಸುವ ದಾಖಲೆ ಇಲ್ಲ.

ರೂಢಿಯಲ್ಲಿ ಬಯೋಡೇಟಾ ಅಥವಾ ಸಿ.ವಿ. ಎಂದು ಕರೆಯಲಾಗುವ ಸ್ವವಿವರ ಪತ್ರವು ಉದ್ಯೋಗಾಕಾಂಕ್ಷಿಯ ಸ್ವಂತ ವಿಷಯವೆಂದು ಉದ್ಯಮಿಗಳು ಭಾವಿಸುವುದು ಸಹಜ. ಈ ಭಾವನೆ ಅರ್ಧ ಮಾತ್ರ ಸರಿ. ಸ್ವವಿವರದಲ್ಲಿ ಅಭ್ಯರ್ಥಿಯು ತನ್ನ ಬಗ್ಗೆ ಹೇಳಿಕೊಳ್ಳುವ ಪ್ರತಿಯೊಂದು ಮಾತಿಗೂ ಹಿಂದಿನ ಮಾಲೀಕನ ಪತ್ರವೇ ಸಾಕ್ಷಿ. ಆ ಪತ್ರ ಇಲ್ಲದಿದ್ದರೆ, ಅಥವಾ ಇದ್ದೂ ಅಸ್ಪಷ್ಟವಾಗಿದ್ದರೆ, ಎಷ್ಟೇ ಅಂದವಾಗಿ ಮುದ್ರಿಸಿದ ಸ್ವವಿವರವೂ ನಿಲ್ಲದು. ಆದುದರಿಂದ ಪರದೇಶದ ಉದ್ಯೋಗಕ್ಕೆ ಸಲ್ಲುವ ಸ್ವವಿವರದ ಅರ್ಧಭಾಗವನ್ನು ಬರೆಯಬೇಕಾದವರು ಈ ಭಾಗದ ವರ್ತಕರು ಹಾಗೂ ಸಣ್ಣ ಉದ್ಯಮಿಗಳೇ ಆಗಿದ್ದಾರೆ.

ರನ್ನನ ಊರಿನ ನಿದರ್ಶನ

ಈ ಮಾತಿಗೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಮುಧೋಳ ತಾಲ್ಲೂಕಿನ ರನ್ನ ಬೆಳಗಲಿಯು ತನ್ನ ಹೆಸರಿನಲ್ಲಿಯೇ ಹತ್ತನೆಯ ಶತಮಾನದ ಮಹಾಕವಿಯನ್ನು ಧರಿಸಿಕೊಂಡಿದೆ. ಕ್ರಿ.ಶ. 949ರಲ್ಲಿ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನು ವಿದ್ಯೆಯನ್ನರಸಿ ದೂರದ ಗಂಗರ ನಾಡಿಗೆ ತೆರಳಿದನು. ಚಾವುಂಡರಾಯನ ಆಶ್ರಯ ಪಡೆದನು. ಮುಂದೆ ಚಾಲುಕ್ಯ ದೊರೆ ತೈಲಪನಿಂದ ಕವಿಚಕ್ರವರ್ತಿ ಎಂಬ ಬಿರುದನ್ನು ಗಳಿಸಿದನು. ಅತ್ತಿಮಬ್ಬೆಯ ಪ್ರೇರಣೆಯಿಂದ 993ರಲ್ಲಿ ಪೂರ್ಣಗೊಂಡ ಅಜಿತಪುರಾಣದಲ್ಲಿ ಅವನು ತನ್ನ ವಿವರಗಳನ್ನು ತಾನೇ ದಾಖಲಿಸಿದ್ದಾನೆ. ಹುಟ್ಟಿದ ಸಂವತ್ಸರ, ಹುಟ್ಟಿದ ನಾಡು, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಗುರು ಅಜಿತಸೇನಾಚಾರ್ಯ, ಮನೆತನದ ಕಸುಬು, ಆಶ್ರಯ ನೀಡಿದವರು ಇವೆಲ್ಲವೂ ಅಲ್ಲಿ ಹೆಸರು ಸಹಿತ ಬಂದಿವೆ.

ರನ್ನನು ತನ್ನ ಕಾವ್ಯಶಕ್ತಿಯನ್ನು ಧಾರಾಳವಾಗಿಯೇ ಹೊಗಳಿಕೊಂಡಿದ್ದಾನೆ. ಅದು ಕವಿಗೆ ಸಲ್ಲುವ ಸ್ವಾತಂತ್ರ್ಯ, ಉದ್ಯೋಗಾಕಾಂಕ್ಷಿಗೆ ಸಲ್ಲದು. ಅನುಕರಣೀಯವಾದದ್ದು ಬೇರೊಂದು ಸಂಗತಿ. ಕಲಿಸಿದವರು ಯಾರು, ಮನ್ನಿಸಿದವರು ಯಾರು ಎಂಬುದನ್ನು ಅವನು ಮರೆಮಾಚಿಲ್ಲ. ಬಳೆಗಾರರ ಮಗನೆಂಬುದನ್ನು ಬಚ್ಚಿಡಲೂ ಇಲ್ಲ. ಸಾವಿರ ವರ್ಷಗಳ ನಂತರವೂ ಅವನ ಜೀವನವನ್ನು ಖಚಿತವಾಗಿ ಹೇಳಲು ಸಾಧ್ಯವಾಗಿರುವುದು ಆ ಹೆಸರುಗಳಿಂದ. ಇಂದಿನ ಸ್ವವಿವರಕ್ಕೂ ಇದೇ ಅಳತೆ ಅನ್ವಯಿಸುತ್ತದೆ: ಹೇಳಿದ ಮಾತಿಗೆ ಕೇಳಿ ತಿಳಿಯಬಹುದಾದ ಒಂದು ಹೆಸರಿರಬೇಕು.

ಕಸುಬನ್ನು ಅಳತೆಯಲ್ಲಿ ಹೇಳಬೇಕು

ಈ ಭಾಗದಿಂದ ಹೊರಡುವ ಸ್ವವಿವರಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷವೆಂದರೆ ಕಸುಬಿನ ವರ್ಣನೆ ತೀರ ಸ್ಥೂಲವಾಗಿರುವುದು. ‘ಸಕ್ಕರೆ ಕಾರ್ಖಾನೆಯಲ್ಲಿ ಎಂಟು ವರ್ಷ ಅನುಭವ’ ಎಂಬ ಸಾಲು ಓದುವವನಿಗೆ ಏನನ್ನೂ ತಿಳಿಸುವುದಿಲ್ಲ. ಉಗಾಂಡಾದ ಲುಗಾಜಿಯಲ್ಲಿ 1924ರಲ್ಲಿ ಮೆಹತಾ ಮನೆತನವೂ, ಕಾಕಿರಾದಲ್ಲಿ 1930ರಲ್ಲಿ ಮಾಧ್ವಾನಿ ಮನೆತನವೂ ಸಕ್ಕರೆ ಕಾರ್ಖಾನೆಗಳನ್ನು ಆರಂಭಿಸಿದ ಕಾಲದಿಂದ ಪೂರ್ವ ಆಫ್ರಿಕದ ಸಕ್ಕರೆ ಉದ್ಯಮಕ್ಕೂ ಭಾರತಕ್ಕೂ ನಂಟು ಬೆಳೆದಿದೆ. ಅಂತಹ ಕಾರ್ಖಾನೆಯ ಮುಖ್ಯ ಎಂಜಿನಿಯರನು ಅರ್ಜಿಯನ್ನು ಕೈಗೆತ್ತಿಕೊಂಡಾಗ ಮೊದಲು ನೋಡುವುದು ಅಂಕಿಗಳನ್ನು. ಕಾರ್ಖಾನೆ ದಿನಕ್ಕೆ ಎಷ್ಟು ಟನ್ ಕಬ್ಬು ನುರಿಸುತ್ತದೆ? ಅಭ್ಯರ್ಥಿ ನಡೆಸಿದ್ದು ಯಾವ ದರ್ಜೆಯ ಪ್ಯಾನು, ಬ್ಯಾಚ್ ವಿಧದ್ದೋ ನಿರಂತರ ವಿಧದ್ದೋ? ಬಾಯ್ಲರ್ ಗಂಟೆಗೆ ಎಷ್ಟು ಟನ್ ಉಗಿ ಕೊಡುತ್ತದೆ, ಎಷ್ಟು ಒತ್ತಡದಲ್ಲಿ? ಬಾಯ್ಲರ್ ನಡೆಸುವವನಿಗೆ ಸರ್ಕಾರ ಕೊಡುವ ಪ್ರಮಾಣಪತ್ರ ಇದೆಯೇ, ಅದು ಯಾವ ದರ್ಜೆಯದು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡುವ ನಾಲ್ಕು ಸಾಲುಗಳು ಒಂದು ಪುಟದ ವಿಶೇಷಣಗಳಿಗಿಂತ ಬೆಲೆಯುಳ್ಳವು.

ವೆಲ್ಡರನ ವಿಷಯದಲ್ಲಿಯೂ ಹೀಗೆಯೇ. ಆರ್ಕ್, ಟಿಗ್, ಮಿಗ್ ಇವುಗಳಲ್ಲಿ ಯಾವ ವಿಧಾನ, ಪ್ಲೇಟಿನ ಮೇಲೋ ಪೈಪಿನ ಮೇಲೋ, 3ಜಿ ಅಥವಾ 6ಜಿ ಮುಂತಾದ ಯಾವ ಸ್ಥಿತಿಯಲ್ಲಿ ಪರೀಕ್ಷೆಗೆ ಒಳಗಾಗಿದ್ದಾನೆ ಎಂಬುದನ್ನು ಬರೆಯಬೇಕು. ಬನಹಟ್ಟಿಯ ಮಗ್ಗದ ಜಾಬರನು ತಾನು ನೋಡಿಕೊಂಡ ಮಗ್ಗಗಳ ಸಂಖ್ಯೆ, ಅವುಗಳ ವಿಧ, ಡಾಬಿ ಅಥವಾ ಜಕಾರ್ಡ್ ಜೋಡಣೆಯ ಅನುಭವ, ನೇಯ್ದ ನೂಲಿನ ಬಗೆ ಇವನ್ನು ತಿಳಿಸಬೇಕು. ಅಡತಿ ಅಂಗಡಿಯ ದಿವಾನಜಿಯು ‘ಲೆಕ್ಕಪತ್ರ ಬಲ್ಲೆ’ ಎಂದು ನಿಲ್ಲಿಸದೆ, ಟ್ಯಾಲಿಯಲ್ಲಿ ಎಷ್ಟು ಖಾತೆಗಳನ್ನು ನಿರ್ವಹಿಸಿದ, ತೆರಿಗೆ ವಿವರಪತ್ರಗಳನ್ನು ತಾನೇ ಸಲ್ಲಿಸಿದನೇ ಎಂಬುದನ್ನು ಹೇಳಬೇಕು.

ಹಂಗಾಮಿನ ದುಡಿಮೆಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಆರು ನುರಿಸುವ ಹಂಗಾಮುಗಳಲ್ಲಿ ದುಡಿದವನು ‘ಆರು ವರ್ಷ’ ಎಂದು ಬರೆದರೆ, ಭವಿಷ್ಯ ನಿಧಿಯ ಖಾತೆಯನ್ನೋ ಬ್ಯಾಂಕಿನ ಪುಸ್ತಕವನ್ನೋ ಪರಿಶೀಲಿಸಿದವರಿಗೆ ಪ್ರತಿವರ್ಷವೂ ಕೆಲವು ತಿಂಗಳ ಖಾಲಿ ಜಾಗ ಕಾಣುತ್ತದೆ. ಆಗ ಅವನು ಸುಳ್ಳು ಬರೆದನೆಂಬ ಸಂಶಯ ಹುಟ್ಟುತ್ತದೆ. ‘2017-18ರಿಂದ 2022-23ರವರೆಗೆ ಆರು ನುರಿಸುವ ಹಂಗಾಮುಗಳು, ಬಿಡುವಿನ ತಿಂಗಳುಗಳಲ್ಲಿ ಗಿರಣಿಯ ಬಿಚ್ಚುಜೋಡಣೆ ಮತ್ತು ದುರಸ್ತಿ’ ಎಂದು ಬರೆದರೆ ಸಂಶಯಕ್ಕೆ ಎಡೆಯಿಲ್ಲ. ಕಬ್ಬಿನ ಉದ್ಯಮ ಹಂಗಾಮಿನದೆಂಬುದು ಆ ಉದ್ಯಮದಲ್ಲಿರುವ ಯಾವ ದೇಶದವರಿಗೂ ತಿಳಿದ ವಿಷಯ. ದುರಸ್ತಿಯ ಅನುಭವಕ್ಕೆ ಪ್ರತ್ಯೇಕ ಬೆಲೆಯೂ ಉಂಟು.

ಒಂದೊಂದು ದೇಶಕ್ಕೆ ಒಂದೊಂದು ರೀತಿ

ಒಂದೇ ಸ್ವವಿವರವನ್ನು ನಕಲು ಮಾಡಿ ಎಲ್ಲ ದೇಶಗಳಿಗೂ ಕಳುಹಿಸುವ ರೂಢಿ ಫಲ ನೀಡುವುದಿಲ್ಲ. ಕೊಲ್ಲಿ ರಾಷ್ಟ್ರಗಳ ಉದ್ಯೋಗದಾತರು ಭಾವಚಿತ್ರ, ರಾಷ್ಟ್ರೀಯತೆ, ಪಾಸ್‌ಪೋರ್ಟಿನ ಅವಧಿ, ಚಾಲನಾ ಪರವಾನಗಿ ಮುಂತಾದವನ್ನು ಸಾಮಾನ್ಯವಾಗಿ ನಿರೀಕ್ಷಿಸುತ್ತಾರೆ. ಬ್ರಿಟನ್, ಅಮೆರಿಕ, ಕೆನಡಗಳಲ್ಲಿ ಭಾವಚಿತ್ರ, ವಯಸ್ಸು, ಧರ್ಮ, ವೈವಾಹಿಕ ಸ್ಥಿತಿ ಇವನ್ನು ಬರೆಯದಿರುವುದೇ ಪದ್ಧತಿ. ತಾರತಮ್ಯದ ಆರೋಪಕ್ಕೆ ಅವಕಾಶವಾಗಬಾರದೆಂಬುದು ಅದರ ಉದ್ದೇಶ. ಯುರೋಪಿನ ದೇಶಗಳಿಗಾಗಿ 2005ರಿಂದ ಬಳಕೆಯಲ್ಲಿರುವ ಯೂರೋಪಾಸ್ ಎಂಬ ಸಾಮಾನ್ಯ ನಮೂನೆಯನ್ನು ಯಾರೂ ಶುಲ್ಕವಿಲ್ಲದೆ ಬಳಸಿಕೊಳ್ಳಬಹುದು. ಭಾರತದ ಬಯೋಡೇಟಾಗಳ ಕೊನೆಯಲ್ಲಿ ಸ್ಥಳ, ದಿನಾಂಕ ಹಾಕಿ ‘ಮೇಲ್ಕಂಡ ವಿವರಗಳೆಲ್ಲ ಸತ್ಯ’ ಎಂದು ಬರೆಯುವ ಘೋಷಣೆ ಹೊರದೇಶಗಳಲ್ಲಿ ರೂಢಿಯಲ್ಲಿಲ್ಲ. ಜಾತಿ, ತಂದೆಯ ಉದ್ಯೋಗ, ಹವ್ಯಾಸಗಳ ಪಟ್ಟಿ ಇವೂ ಅನವಶ್ಯಕ.

ಎಲ್ಲೆಡೆಗೂ ಅನ್ವಯಿಸುವ ಕೆಲವು ನಿಯಮಗಳಿವೆ. ಪತ್ರ ಎರಡು ಪುಟ ಮೀರಬಾರದು. ಇತ್ತೀಚಿನ ಕೆಲಸ ಮೊದಲು ಬರಬೇಕು. ದೊಡ್ಡ ಕಂಪನಿಗಳಲ್ಲಿ ಬಹಳಷ್ಟು ಅರ್ಜಿಗಳನ್ನು ಮನುಷ್ಯರಿಗಿಂತ ಮೊದಲು ಕಂಪ್ಯೂಟರ್ ಓದುವುದರಿಂದ ಬಣ್ಣದ ಅಂಚು, ಚಿತ್ರ, ಚೌಕಟ್ಟುಗಳು ತೊಡಕಾಗುತ್ತವೆ. ಜಾಹೀರಾತಿನಲ್ಲಿ ಕಸುಬಿಗೆ ಯಾವ ಹೆಸರು ಬಳಸಲಾಗಿದೆಯೋ, ಅದು ತನ್ನ ಕೆಲಸಕ್ಕೆ ನಿಜವಾಗಿ ಒಪ್ಪುವುದಾದರೆ, ಅದೇ ಹೆಸರನ್ನು ಬಳಸುವುದು ಲೇಸು. ಐ.ಟಿ.ಐ. ಓದದೆ ಕೈಯಿಂದಲೇ ಕಸುಬು ಕಲಿತವರಿಗೆ, ಮೊದಲೇ ಗಳಿಸಿದ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರದ ಕೌಶಲ ಯೋಜನೆ ಒಳಗೊಂಡಿದೆ. ಸೌದಿ ಅರೇಬಿಯವು ಹಲವು ಕಸುಬುಗಳಿಗೆ ಕೌಶಲ ಪರೀಕ್ಷೆಯನ್ನೇ ಕಡ್ಡಾಯಗೊಳಿಸಿದೆ. ಬರೆದದ್ದನ್ನು ಕೈಯಿಂದ ಮಾಡಿ ತೋರಿಸಬೇಕಾದಲ್ಲಿ ಉತ್ಪ್ರೇಕ್ಷೆಯ ಆಯುಷ್ಯ ಬಹಳ ಕಡಿಮೆ.

ಹೆಸರು, ಊರು, ಜಿಲ್ಲೆ

ಬಾಗಲಕೋಟೆ ಜಿಲ್ಲೆಯ ಅಭ್ಯರ್ಥಿಗಳಿಗೆ ವಿಶೇಷವಾಗಿ ಎದುರಾಗುವ ತೊಡಕೊಂದಿದೆ. ಈ ಜಿಲ್ಲೆ ಬಿಜಾಪುರದಿಂದ ಬೇರ್ಪಟ್ಟದ್ದು 1997ರಲ್ಲಿ. ಅದಕ್ಕೂ ಮೊದಲು ಹುಟ್ಟಿದವರ ಜನನ ಪ್ರಮಾಣಪತ್ರದಲ್ಲಿ ಬಿಜಾಪುರ ಜಿಲ್ಲೆ ಎಂದಿದ್ದರೆ, ಆಧಾರ್ ಮತ್ತು ಪಾಸ್‌ಪೋರ್ಟುಗಳಲ್ಲಿ ಬಾಗಲಕೋಟೆ ಎಂದಿರುತ್ತದೆ. 2014ರ ನವೆಂಬರ್ 1ರಂದು ಬಿಜಾಪುರವೇ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ರಬಕವಿ-ಬನಹಟ್ಟಿಯು ಜಮಖಂಡಿಯಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾಯಿತು. ಒಂದೇ ಕಾಲೇಜಿನ ಪದವೀಧರರಲ್ಲಿ ಹಿರಿಯರ ಪ್ರಮಾಣಪತ್ರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. 2010ರಲ್ಲಿ ಸ್ಥಾಪನೆಯಾದ ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯದ್ದು ನಂತರದವರದು. ಈಗ ಜಮಖಂಡಿಯಲ್ಲಿಯೇ ಬಾಗಲಕೋಟೆ ವಿಶ್ವವಿದ್ಯಾಲಯವಿದೆ. ಇವೆಲ್ಲ ಇಲ್ಲಿಯವರಿಗೆ ತಿಳಿದ ಸಂಗತಿಗಳು. ಹೊರದೇಶದ ಕಚೇರಿಯಲ್ಲಿ ಕುಳಿತವನಿಗೆ ಇವು ಒಂದಕ್ಕೊಂದು ಹೊಂದದ ದಾಖಲೆಗಳಾಗಿ ಕಾಣುತ್ತವೆ. ‘ಹಿಂದಿನ ಬಿಜಾಪುರ ಜಿಲ್ಲೆ’ ಎಂಬ ಸಣ್ಣ ವಿವರಣೆ ಈ ಗೊಂದಲವನ್ನು ನಿವಾರಿಸುತ್ತದೆ.

ವ್ಯಕ್ತಿಯ ಹೆಸರಿನದೂ ಇದೇ ಕಥೆ. ಶಾಲೆಯ ದಾಖಲೆಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇದ್ದು, ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಕರೆಯುವ ಹೆಸರಷ್ಟೇ ಇರುವುದು ಸಾಮಾನ್ಯ. ಊರಿನ ಹೆಸರನ್ನೂ ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಪಾಸ್‌ಪೋರ್ಟಿನಲ್ಲಿರುವ ಕಾಗುಣಿತವನ್ನೇ ಸ್ವವಿವರದಲ್ಲಿಯೂ, ಅನುಭವ ಪತ್ರದಲ್ಲಿಯೂ ಅಕ್ಷರಶಃ ಬಳಸಬೇಕು. ಈ ಕೊನೆಯದು ಮಾಲೀಕನ ಕೈಯಲ್ಲಿರುವ ಕೆಲಸ.

ಮಾಲೀಕನ ಪತ್ರ ಹೇಗಿರಬೇಕು

ಸಣ್ಣ ಉದ್ಯಮಗಳಿಂದ ಹೊರಡುವ ಅನುಭವ ಪತ್ರ ಸಾಮಾನ್ಯವಾಗಿ ಒಂದೇ ಮಾದರಿಯದು: ‘ಇವರು ನಮ್ಮಲ್ಲಿ ಕೆಲಸ ಮಾಡಿರುತ್ತಾರೆ, ನಡತೆ ಉತ್ತಮ, ಇವರ ಭವಿಷ್ಯ ಉಜ್ವಲವಾಗಲೆಂದು ಹಾರೈಸುತ್ತೇವೆ.’ ಹಾರೈಕೆ ಸದುದ್ದೇಶದ್ದೇ. ಅದರಿಂದ ನೌಕರನಿಗೆ ಆಗುವ ಪ್ರಯೋಜನ ಅತ್ಯಲ್ಪ. ಉಪಯುಕ್ತವಾದ ಪತ್ರದಲ್ಲಿ ನೌಕರನ ಪೂರ್ಣ ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕ, ಹುದ್ದೆ, ಪೂರ್ಣಾವಧಿಯೋ ಹಂಗಾಮಿನದೋ ಎಂಬ ಸ್ಪಷ್ಟನೆ, ನಿರ್ವಹಿಸಿದ ಯಂತ್ರಗಳ ವಿವರ ಮತ್ತು ಸಾಮರ್ಥ್ಯ, ಕೈಕೆಳಗೆ ದುಡಿದವರ ಸಂಖ್ಯೆ ಇವು ಇರಬೇಕು. ಸಂಸ್ಥೆಯ ವಿಳಾಸ, ಜಿ.ಎಸ್.ಟಿ. ಅಥವಾ ಉದ್ಯಮ್ ನೋಂದಣಿ ಸಂಖ್ಯೆ, ಸಹಿ ಮಾಡಿದವರ ಹೆಸರು, ಹುದ್ದೆ, ದೂರವಾಣಿ ಸಂಖ್ಯೆ ಇವೂ ಅವಶ್ಯ. ಕಚೇರಿಯಲ್ಲಿ ಅದರ ಒಂದು ಪ್ರತಿ ಉಳಿಯಬೇಕು. ಎರಡು ವರ್ಷಗಳ ನಂತರ ಹೊರದೇಶದಿಂದ ವಿಚಾರಣೆಯ ಕರೆ ಬಂದಾಗ, ಗಲ್ಲೆಯ ಮೇಲೆ ಕುಳಿತ ಹುಡುಗನು ‘ಅಂಥವರು ಯಾರೂ ಇಲ್ಲಿಲ್ಲ’ ಎಂದುಬಿಟ್ಟರೆ, ಆ ಒಂದು ಮಾತಿಗೆ ಒಬ್ಬನ ಉದ್ಯೋಗ ಹೋಗಬಹುದು.

ಇಂತಹ ಪತ್ರವನ್ನು ನೀಡಲು ಹಾಜರಿ ಪುಸ್ತಕ, ವೇತನದ ದಾಖಲೆಗಳು ಕ್ರಮಬದ್ಧವಾಗಿರಬೇಕಾದದ್ದು ಸಹಜ. ನಗದು ಕೊಟ್ಟು, ಹೆಸರು ದಾಖಲಿಸದೆ ದುಡಿಸಿಕೊಂಡವನ ಹತ್ತು ವರ್ಷಗಳಿಗೆ ಯಾವ ಪುರಾವೆಯೂ ಇರುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಕಾರ್ಮಿಕರಿಗೆ ನೇಮಕಾತಿ ಪತ್ರ ನೀಡುವುದನ್ನು ಕಡ್ಡಾಯಗೊಳಿಸಿವೆ. ಇದನ್ನು ಮತ್ತೊಂದು ಕಾನೂನಿನ ಕಿರುಕುಳವೆಂದು ತಿಳಿಯುವ ಬದಲು, ಅನೇಕ ವರ್ಷಗಳಿಂದ ಆಗಬೇಕಾಗಿದ್ದ ಕೆಲಸಕ್ಕೆ ದೊರೆತ ಸಂದರ್ಭವೆಂದು ಕಾಣುವುದು ವಿವೇಕ.

ಒಂದು ಆಕ್ಷೇಪಣೆ

ಇಲ್ಲಿ ಉದ್ಯಮಿಗಳ ಆಕ್ಷೇಪಣೆಯೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಕಸುಬು ಕಲಿಸಿದವರು ತಾವು, ಕಲಿಯುವಾಗಿನ ನಷ್ಟ ಅನುಭವಿಸಿದವರೂ ತಾವು. ಪಳಗಿದ ಕೈಯನ್ನು ಪತ್ರ ಬರೆದು ಬೇರೆಯವರಿಗೆ ಒಪ್ಪಿಸುವುದು ಯಾವ ನ್ಯಾಯ ಎಂದು ಅವರು ಕೇಳುತ್ತಾರೆ. ಹಂಗಾಮಿನ ನಡುವೆ ಒಬ್ಬ ಅನುಭವಿ ಫಿಟ್ಟರನು ಬಿಟ್ಟುಹೋದರೆ ಆಗುವ ಹಾನಿ ಸಣ್ಣದಲ್ಲ. ಇದೇ ಕಾರಣದಿಂದ ಪತ್ರವನ್ನು ಇಂದು-ನಾಳೆ ಎಂದು ಮುಂದೂಡುವವರೂ ಇದ್ದಾರೆ.

ಆದರೆ ಪತ್ರ ನಿರಾಕರಿಸುವುದರಿಂದ ಹೊರಡುವವನು ನಿಲ್ಲುವುದಿಲ್ಲ ಎಂಬುದನ್ನು ಗಮನಿಸಬೇಕು. ಅವನು ನಿಜವಾದ ಪತ್ರಕ್ಕೆ ಬದಲು ಖೋಟಾ ಪತ್ರದೊಂದಿಗೆ ಹೊರಡುತ್ತಾನೆ, ವ್ಯತ್ಯಾಸ ಅಷ್ಟೇ. ‘ಅನುಭವ ಪತ್ರದ ಚಿಂತೆ ಬೇಡ, ಅದನ್ನು ನಾವೇ ಮಾಡಿಸುತ್ತೇವೆ’ ಎನ್ನುವ ದಲ್ಲಾಳಿಗೆ ಇಂತಹವರೇ ಗಿರಾಕಿಗಳು. ಮನೆಯವರು ಹೊಲ ಒತ್ತೆಯಿಟ್ಟು, ಬಂಗಾರ ಅಡವಿಟ್ಟು ಹಣ ಹೊಂದಿಸುತ್ತಾರೆ. ಪತ್ರ ಸುಳ್ಳೆಂದು ಅಲ್ಲಿ ಬಯಲಾದರೆ ಉದ್ಯೋಗ, ವೀಸಾ ಎರಡೂ ಹೋಗಿ, ಸಾಲ ಮಾತ್ರ ಉಳಿಯುತ್ತದೆ. ಪರಿಚಯದ ದಾಕ್ಷಿಣ್ಯಕ್ಕೆ ಇಲ್ಲದ ಅನುಭವವನ್ನು ಬರೆದುಕೊಟ್ಟ ಅಂಗಡಿಯ ಹೆಸರೂ ಕೆಡುತ್ತದೆ. ಅದೇ ಅಂಗಡಿಯಲ್ಲಿ ನಿಜವಾಗಿ ದುಡಿದ ಮುಂದಿನವನ ಪತ್ರವನ್ನೂ ಯಾರೂ ನಂಬುವುದಿಲ್ಲ. ನಿರಾಕರಣೆಯೂ ದಾಕ್ಷಿಣ್ಯವೂ ಒಂದೇ ಹಾನಿಯ ಎರಡು ಮುಖಗಳು.

ಪಳಗಿದ ಕೈ ಉಳಿಯಬೇಕಾದರೆ ಅದಕ್ಕೆ ವೇತನ, ಮರ್ಯಾದೆ, ಭದ್ರತೆಗಳೇ ಮಾರ್ಗ. ಹೊರಡುವುದಕ್ಕೆ ಒಂದು ಅಥವಾ ಎರಡು ತಿಂಗಳ ಮುಂಚಿತ ಸೂಚನೆ ನೀಡಬೇಕೆಂದು ನೇಮಕಾತಿ ಪತ್ರದಲ್ಲಿಯೇ ನಿಗದಿಪಡಿಸಿದರೆ ಹಂಗಾಮಿನ ನಡುವಿನ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಗೌರವದಿಂದ ಬೀಳ್ಕೊಂಡವನು ಮರಳಿ ಬಂದಾಗ ಹೊಸ ಯಂತ್ರಗಳ ತಿಳಿವಳಿಕೆಯೊಂದಿಗೆ ಅದೇ ಬಾಗಿಲಿಗೆ ಬರುವ ಸಂಭವವೂ ಉಂಟು.

ನೋಂದಾಯಿತ ಏಜೆಂಟರು ಮಾತ್ರ

ಸ್ವವಿವರ ಎಷ್ಟೇ ಉತ್ತಮವಾಗಿದ್ದರೂ ಅದು ಸೇರುವ ಕೈ ಸರಿಯಾಗಿರಬೇಕು. 1983ರ ವಲಸೆ ಕಾಯಿದೆಯ ಪ್ರಕಾರ ಹೊರದೇಶದ ಉದ್ಯೋಗಕ್ಕೆ ಜನರನ್ನು ನೇಮಿಸಿಕೊಡುವ ಏಜೆಂಟರು ವಿದೇಶಾಂಗ ಸಚಿವಾಲಯದ ಅಧೀನದಲ್ಲಿ ನೋಂದಣಿ ಹೊಂದಿರಬೇಕು. ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ.ಯನ್ನು ಮೀರುವಂತಿಲ್ಲ, ಅದಕ್ಕೆ ರಸೀದಿ ಕೊಡಬೇಕು. ನೋಂದಾಯಿತರ ಪಟ್ಟಿ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಲಭ್ಯವಿದೆ. ಹತ್ತನೆಯ ತರಗತಿ ತೇರ್ಗಡೆಯಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ನಿಗದಿತ 18 ದೇಶಗಳಿಗೆ ಉದ್ಯೋಗಕ್ಕಾಗಿ ತೆರಳುವಾಗ ವಲಸೆ ಅನುಮತಿ ಪಡೆಯುವುದು ಕಡ್ಡಾಯ. ಪ್ರವಾಸಿ ವೀಸಾದ ಮೇಲೆ ಕಳುಹಿಸಿ ಅಲ್ಲಿ ಕೆಲಸ ಕೊಡಿಸುವೆನೆನ್ನುವವನ ಮಾತನ್ನು ನಂಬಬಾರದು.

ಸಂಸ್ಥೆಗಳು ಮಾಡಬಹುದಾದದ್ದು

ಈ ವಿಷಯದಲ್ಲಿ ವಾಣಿಜ್ಯೋದ್ಯಮ ಸಂಸ್ಥೆಗಳಿಂದ ಆಗಬಹುದಾದ ಕೆಲಸ ಕಡಿಮೆ ಖರ್ಚಿನದು, ಹೆಚ್ಚು ಫಲದ್ದು. ಮೊದಲನೆಯದಾಗಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಒಂದು ಪುಟದ ಅನುಭವ ಪತ್ರದ ಮಾದರಿಯನ್ನು ಸಿದ್ಧಪಡಿಸಿ ಸದಸ್ಯರಿಗೆಲ್ಲ ಹಂಚಬಹುದು. ಎರಡನೆಯದಾಗಿ, ಸದಸ್ಯ ಸಂಸ್ಥೆ ನೀಡಿದ ಪತ್ರ ನಿಜವಾದದ್ದೆಂದು ದೃಢೀಕರಿಸಿ, ಕ್ರಮಸಂಖ್ಯೆಯೊಂದಿಗೆ ನೋಂದಾಯಿಸುವ ವ್ಯವಸ್ಥೆ ಮಾಡಬಹುದು. ರಫ್ತುದಾರರ ಸರಕಿಗೆ ಮೂಲ ಪ್ರಮಾಣಪತ್ರ ನೀಡುವ ಪದ್ಧತಿ ವಾಣಿಜ್ಯೋದ್ಯಮ ಸಂಸ್ಥೆಗಳಿಗೆ ಹೊಸದಲ್ಲ. ಬೆಲ್ಲಕ್ಕೂ ಬಟ್ಟೆಗೂ ಹುಟ್ಟಿದ ಸ್ಥಳದ ಸಾಕ್ಷಿ ಹೇಳಬಲ್ಲವರು ಕಸುಬುದಾರನ ಕೈಗೂ ಸಾಕ್ಷಿ ಹೇಳಬಹುದು. ಮೂರನೆಯದಾಗಿ, ನುರಿಸುವ ಹಂಗಾಮು ಮುಗಿದ ಬೇಸಿಗೆಯಲ್ಲಿ ಮುಧೋಳ ಅಥವಾ ಜಮಖಂಡಿಯಲ್ಲಿ ಒಂದು ದಿನದ ಶಿಬಿರ ನಡೆಸಿ ಸ್ವವಿವರ ಬರೆಯುವ ಕ್ರಮ, ಏಜೆಂಟರ ನೋಂದಣಿ ಪರಿಶೀಲಿಸುವ ಕ್ರಮ ಇವನ್ನು ತಿಳಿಸಿಕೊಡಬಹುದು.

ವ್ಯಾಪಾರದಲ್ಲಿ ಒಂದು ಹುಂಡಿಯ ಬೆಲೆ ಅದರ ಮೇಲೆ ಸಹಿ ಹಾಕಿದವನ ಮಾತಿನ ಬೆಲೆಯಷ್ಟೇ ಎಂಬುದನ್ನು ಈ ಭಾಗದ ವರ್ತಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅನುಭವ ಪತ್ರವೂ ಅಂತಹುದೇ ಒಂದು ಹುಂಡಿ. ಅದನ್ನು ಹಿಡಿದು ಸಮುದ್ರ ದಾಟುವವನು ಊರಿನ ಬಡ ಕುಟುಂಬವೊಂದರ ದುಡಿಯುವ ಕೈ. ಬರೆದದ್ದು ನಿಜವಾಗಿದ್ದು, ಸ್ಪಷ್ಟವಾಗಿದ್ದು, ಕೇಳಿದಾಗ ಮಾಲೀಕನು ಹೌದೆಂದು ಹೇಳಿದರೆ ಆ ಹುಂಡಿ ಯಾವ ದೇಶದಲ್ಲಿಯೂ ನಡೆಯುತ್ತದೆ.